ಕಣ್ಣು ಬಂದಾವ ಅಂದ್ರು

"ಕಣ್ಣು ಬಂದಾವ ನೋಡು," ಎಂದರು ನನ್ನ ಗಂಡ ಶ್ರೀಶೈಲ, ಸಂಜೆ ಬಾಗಿಲಲ್ಲೇ ನಿಂತು. ರೆಪ್ಪೆ ಬಿಚ್ಚಲು ಆಗುತ್ತಿರಲಿಲ್ಲ. ನೀರು ಸುರಿಯುತ್ತಿತ್ತು. ನಾನು ಟ್ಯೂಬ್‌ಲೈಟ್ ಹಾಕಿದೆ.

"ಆರಿಸು, ಆರಿಸು. ಉಸುಕು ತುಂಬಿದಂಗ ಆಗ್ಯದ."

ತೊಂಬತ್ತರ ದಶಕ ಇದು. ನಾವಿರುವ ಮರಾಠಿ ಊರಿನ ಕೋಥರೂಡ ಬಡಾವಣೆಯಲ್ಲಿ ಎಲ್ಲಿ ನೋಡಿದರೂ ಹೊಸ ಅಪಾರ್ಟ್‌ಮೆಂಟು. ಅವುಗಳ ಕಿಟಕಿಗಳಿಗೆ ಗ್ರಿಲ್ ಮಾಡುವ ವರ್ಕ್‌ಶಾಪಿನಲ್ಲಿ ಇವರು ಫಿಟ್ಟರ್. ವೆಲ್ಡರ್ ಬೆಸುಗೆ ಹಾಕುವಾಗ ಸರಳು ಅಲುಗದಂತೆ ಎರಡೂ ಕೈಯಲ್ಲಿ ಹಿಡಿಯುವ ಕೆಲಸ. ಕಪ್ಪು ಗಾಜಿನ ಶೀಲ್ಡ್ ಇದ್ದದ್ದು ಒಂದೇ, ಅದು ವೆಲ್ಡರ್ ಕೈಯಲ್ಲಿ. ಹಿಡಿಯುವವನಿಗೆ ಬರೀ ಎಣಿಕೆ. ವೆಲ್ಡರ್ "ಏಕ್, ದೋನ್" ಎಂದು ಎಣಿಸಬೇಕು, "ತೀನ್" ಎಂದಾಗ ಇವರು ಕಣ್ಣು ಮುಚ್ಚಬೇಕು, ಅವನು ಕಿಡಿ ಹಚ್ಚಬೇಕು. ಆ ದಿನ ದೊಡ್ಡ ಗೇಟಿನ ಅವಸರ. ಬೆಳಿಗ್ಗೆಯಿಂದ ಹತ್ತಾರು ಸಲ "ದೋನ್" ಎನ್ನುವಷ್ಟರಲ್ಲೇ ಕಿಡಿ ಹಾರಿತ್ತು. ಸಂಜೆ ಉರಿ ಶುರುವಾದಾಗ ಮಾಲೀಕ ಇವರ ಮುಖ ನೋಡಿ ಮರಾಠಿಯಲ್ಲಿ ಹೇಳಿದನಂತೆ: "ಡೋಳೇ ಆಲೇತ ತುಝೇ. ಘರೀ ಜಾ." ನಿನ್ನ ಕಣ್ಣು ಬಂದಿವೆ, ಮನೆಗೆ ಹೋಗು. ಕಣ್ಣು ಬರುವುದೆಂದರೆ ಅಂಟುವ ಕಣ್ಣುಬೇನೆ; ಉಳಿದವರಿಗೆ ಹತ್ತೀತೆಂಬ ಚಿಂತೆ ಅವನಿಗೆ.

"ಕೆಳಗಿನ ಮನಿ ಬಾಣಂತಿ ಹತ್ರ ನಾಕು ಹನಿ ಎದಿಹಾಲು ಇಸ್ಕೊಂಡು ಬಾ, ಕಣ್ಣಿಗೆ ಬಿಡೂಣು," ಎಂದರು ಅತ್ತೆ. ನಾನು ನಕ್ಕೆ. ಶಿವಾಜಿನಗರದ ಆಫೀಸಿನಲ್ಲಿ ಟೈಪಿಸ್ಟ್ ನಾನು, ಕಲಿತವಳು. ಮರಾಠಿ ಮರಾಠಿಗರಷ್ಟೇ ಚೆನ್ನಾಗಿ ಬರುತ್ತದೆಂಬ ಜಂಬ ಬೇರೆ. ಮೂಲೆಯ ಮೆಡಿಕಲ್ ಶಾಪಿಗೆ ಹೋಗಿ "ಡೋಳೇ ಆಲೇತ" ಎಂದೆ. ಅಂಗಡಿಯವನು ಮುಖ ಎತ್ತದೆ ಡ್ರಾಪ್ಸ್ ಕೊಟ್ಟ. ಎತ್ತು ಈದಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಮಾಲೀಕ ಅಂದ, ಗಂಡ ಅಂದರು, ನಾನೂ ಅಂದೆ. ವೆಲ್ಡಿಂಗ್ ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ.

ಮೂರನೇ ದಿನಕ್ಕೆ ಕೆಂಪು ಇಳಿಯಿತು. ಕೆಲಸಕ್ಕೆ ಹೋದರು. ಮತ್ತೆ ಕಿಡಿ, ಮತ್ತೆ ಉರಿ, ಮತ್ತೆ ಡ್ರಾಪ್ಸ್. ಬಾಟಲಿ ಮುಗಿದಾಗ ಇನ್ನೊಂದು ತಂದವಳೂ ನಾನೇ. ಹದಿನೈದು ದಿನ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ ಬಲಗಣ್ಣಿನ ಕರಿಯ ಭಾಗದ ಮೇಲೆ ಚುಕ್ಕೆ ಕಂಡೆ.

ಬಿಳಿ. ರವೆಯ ಕಾಳಿನಷ್ಟು.

ಕಣ್ಣಿನ ಆಸ್ಪತ್ರೆಯ ಡಾಕ್ಟರು ನನ್ನ ವಯಸ್ಸಿನ ಮರಾಠಿ ಹೆಂಗಸು. ಮೆಷಿನ್ನಿನಲ್ಲಿ ನೋಡಿ, ಕಾರ್ನಿಯಾದಲ್ಲಿ ಅಲ್ಸರ್ ಆಗಿದೆ ಎಂದರು. ಏನು ಕೆಲಸ ಎಂದು ಇವರನ್ನು ಕೇಳಿದರು, ವೆಲ್ಡಿಂಗ್ ಹತ್ತಿರ ಸರಳು ಹಿಡಿಯುವುದು ಎಂದರು ಇವರು. ನನ್ನ ಕೈಯ ಬಾಟಲಿ ಓದಿದರು. ಇದರಲ್ಲಿ ಸ್ಟೆರಾಯ್ಡ್ ಇದೆ, ಗಾಯದ ಮೇಲೆ ಇದನ್ನು ಬಿಟ್ಟರೆ ಇನ್‌ಫೆಕ್ಷನ್ನನ್ನು ಕರೆದು ಕೂರಿಸಿದಂತೆ, ಏನು ಹೇಳಿ ತಂದಿರಿ ಎಂದರು.

"ಡೋಳೇ ಆಲೇತ," ಎಂದೆ.

"ಆಲೇ ನಾಹೀತ," ಎಂದರು. "ಜಳಾಲೇತ."

ಬಂದಿಲ್ಲ. ಸುಟ್ಟಿವೆ.

ಮೊದಲ ದಿನವೇ ಬಂದಿದ್ದರೆ, ಸರಿಯಾದ ಔಷಧಿ ಹಾಕಿ ಕಣ್ಣಿಗೆ ವಿಶ್ರಾಂತಿ ಕೊಟ್ಟಿದ್ದರೆ ಎರಡು ದಿನದ ಮಾತಾಗಿತ್ತಂತೆ. ಬಲಗಣ್ಣು ಉಳಿಯುತ್ತದೆಯೇ ಎಂದು ಕೇಳಿದೆ. ಈಗಲೇ ಹೇಳಲಾರೆ ಎಂದರು.

ರಜೆ ಹಾಕಿದೆ. ಪರದೆ ಎಳೆದ ಕೋಣೆಯಲ್ಲಿ ಗಂಟೆಗೊಮ್ಮೆ ಔಷಧಿ ಬಿಟ್ಟೆ. ಹೆದರಿಕೆಗಿಂತ ಸಿಟ್ಟೇ ಹೆಚ್ಚಿತ್ತು. ನೆಂಟರು ಬರುತ್ತಾರೆ, ಮಳೆ ಬರುತ್ತದೆ, ಜ್ವರ ಬರುತ್ತದೆ. ತಾನಾಗಿ ಬಂದದ್ದಕ್ಕೆ ಯಾರನ್ನೂ ಕೇಳುವಂತಿಲ್ಲ. ಸುಟ್ಟಿತು ಎಂದರೆ, ಸುಟ್ಟವರು ಯಾರು ಎಂದು ಕೇಳಬೇಕಾಗುತ್ತದೆ. ಆ ಒಂದು ಮಾತಿನಿಂದ ಮಾಲೀಕ ಕೈ ತೊಳೆದುಕೊಂಡಿದ್ದ, ಆ ನೀರು ಸುರಿದುಕೊಟ್ಟವಳು ನಾನು.

ಇವರ ಮೇಲೂ ಹರಿಹಾಯ್ದೆ. "ನಿಮಗರ ಬುದ್ಧಿ ಎಲ್ಲಿ ಹೋಗಿತ್ತು? ಇನ್ನೊಂದು ಶೀಲ್ಡ್ ಕೇಳಾಕ ಬರತಿದ್ದಿಲ್ಲೇನ್ರಿ?"

"ಕೇಳಿದ್ದೆ," ಎಂದರು ಗೋಡೆಯ ಕಡೆ ತಿರುಗಿ. "ನಕ್ಕರು. ಹೆಂಗಸಿನಂಗ ಹೆದರತಾನ ಅಂದ್ರು."

ಮಾಲೀಕ ಒಮ್ಮೆ ಬಾಳೆಹಣ್ಣು ಹಿಡಿದು ಬಂದ. ದೇವರ ಇಚ್ಛೆ ಎಂದ. ಇನ್ನೊಂದು ಶೀಲ್ಡ್ ಬೇಡವೆಂದು ದೇವರು ಹೇಳಿದ್ದನೇ ಎಂದು ನನ್ನ ಚೆಂದದ ಮರಾಠಿಯಲ್ಲಿ ಕೇಳಿದೆ. ಚಹಾ ಕುಡಿಯದೆ ಎದ್ದುಹೋದ. ಬಾಳೆಹಣ್ಣನ್ನು ನಾವ್ಯಾರೂ ಮುಟ್ಟಲಿಲ್ಲ.

ಐದು ವಾರಕ್ಕೆ ಅಲ್ಸರ್ ಒಣಗಿತು. ಕಲೆ ಉಳಿಯಿತು. ಬಲಗಣ್ಣಿಗೆ ಈಗ ಎಲ್ಲವೂ ಆವಿ ಹಿಡಿದ ಕನ್ನಡಿಯಲ್ಲಿ ಕಂಡಂತೆ. ಎಡಗಣ್ಣು ಚೆನ್ನಾಗಿದೆ, ದಿನವೂ ದೀಪ ಹಚ್ಚುವಾಗ ಅದಕ್ಕೊಂದು ಕೈ ಮುಗಿಯುತ್ತೇನೆ. ಇವರು ಅದೇ ವರ್ಕ್‌ಶಾಪಿಗೇ ಮರಳಿದರು, ತಲೆಗೆ ಕಟ್ಟಿಕೊಳ್ಳುವ ಸ್ವಂತ ಶೀಲ್ಡ್ ತೆಗೆದುಕೊಂಡು. ಈಗ ನಗುವ ಧೈರ್ಯ ಯಾರಿಗೂ ಇಲ್ಲ.

ಮೊನ್ನೆ ನಾನು ರೊಟ್ಟಿ ಬಡಿಯುತ್ತಿದ್ದಾಗ ಇವರು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ಹೋದ ವಾರ ಇನ್ನೊಬ್ಬ ಫಿಟ್ಟರ್ ಸಂಜೆ ಹೊತ್ತಿಗೆ ಕಣ್ಣುಜ್ಜತೊಡಗಿದನಂತೆ. ಮಾಲೀಕ "ಡೋಳೇ ಆಲೇತ" ಎಂದನಂತೆ.

"ನಾ ಅಂದೆ, ಆಲೇ ನಾಹೀತ ಶೇಠ, ಜಳಾಲೇತ. ಕೈ ಹಿಡದು ಸೀದಾ ಆಸ್ಪತ್ರಿಗೆ ಕರಕೊಂಡು ಹೋದೆ. ಈಗ ಆರಾಮ ಆಗ್ಯಾನ. ಎರಡ ದಿನ ನೋಡು, ಎರಡ ದಿನದಾಗ."

ಭಾಳ ಛಲೋ ಆತು ಎಂದೆ. ನಿಜವಾಗಿಯೂ ಖುಷಿಯಾಗಿತ್ತು. ಆದರೆ ಆ 'ಎರಡ ದಿನ' ತಲೆಯಲ್ಲಿ ಕೂತು, ಆ ದಿನ ಬಡಿದ ರೊಟ್ಟಿ ಒಂದೂ ಹರಿಯದೆ ಉಳಿಯಲಿಲ್ಲ.