ನಾಲ್ಕು ಅಂತ ಬರೆದುಕೊಟ್ಟೆ

ಕಥೆ ಕಟ್ಟೋ ಪೈಕಿ ಅಲ್ಲ ನಾನು. ಮೂವತ್ತು ವರ್ಷ ಆಸ್ಪತ್ರೆ ಲ್ಯಾಬ್‌ನಲ್ಲಿ ರಕ್ತ ಟೆಸ್ಟ್ ಮಾಡಿದೋಳು. ಕಂಡಷ್ಟನ್ನೇ ಬರೆದು ಸೈನ್ ಹಾಕಿದೀನಿ, ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಇದನ್ನೂ ಹಾಗೇ ಹೇಳ್ತೀನಿ. ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಹ್ಯೂಸ್ಟನ್ ಪಕ್ಕದ ಫುಲ್‌ಶೀರ್‌ನಲ್ಲಿ ನಮ್ಮ ಮನೆ. ರಿಟೈರ್ ಆದ್ಮೇಲೆ ಕೂತು ಕೂತು ಬೇಜಾರಾಗಿ, ಇಲ್ಲಿನ ಹಳೇ ಜಾಗಗಳ ಹೆಸರು ಬರೆದಿಡೋ ಗುಂಪಿಗೆ ಸೇರಿದೆ. ಯಾವ ಹಳ್ಳಕ್ಕೆ ಏನಂತಿದ್ರು, ಯಾವ ಮರದ ಕೆಳಗೆ ಯಾರನ್ನ ಮಣ್ಣು ಮಾಡಿದ್ರು... ಎಲ್ಲಾ ಹಿರಿಯರ ಬಾಯಲ್ಲೇ ಹೇಳಿಸಿ ರೆಕಾರ್ಡ್ ಮಾಡ್ಕೋಬೇಕು. ಸಮಾಧಿ ಮೇಲೆ ಮನೆ ಕಟ್ಟೋ ಬಿಲ್ಡರ್‌ಗಳನ್ನ ನಾನು ಬೈದಷ್ಟು ಆ ಗುಂಪಲ್ಲಿ ಇನ್ಯಾರೂ ಬೈದಿಲ್ಲ.

ನಮ್ಮ ಹಿತ್ತಲ ಬೇಲಿ ಆಚೆ ಒಂದು ಓಕ್ ಮರಗಳ ತೋಪಿದೆ. ಸೋಮವಾರ ಬುಲ್ಡೋಜರ್ ಬಂದು ಅದನ್ನ ಸಮ ಮಾಡೋದಿತ್ತು. ಹಿಂದೆ ಹತ್ತಿ ಹೊಲದಲ್ಲಿ ದುಡಿದವರ ಸಮಾಧಿಗಳು ಅಲ್ಲಿವೆ ಅಂತ ಮಾತು. ಎಷ್ಟಿವೆ, ಎಲ್ಲಿವೆ ಅಂತ ನಾವು ಇಲ್ಲಿನ ಕೌಂಟಿ ಆಫೀಸಿಗೆ ಬರೆದುಕೊಟ್ರೆ ಅಷ್ಟು ಜಾಗ ಉಳಿಯುತ್ತೆ, ಇಲ್ಲಾಂದ್ರೆ ಇಲ್ಲ.

ಭಾನುವಾರ ದೀಪ ಹಚ್ಚೋ ಹೊತ್ತಿಗೆ ಫೋನಲ್ಲಿ ರೆಕಾರ್ಡಿಂಗ್ ಆನ್ ಮಾಡ್ಕೊಂಡು ಒಬ್ಬಳೇ ಹೋದೆ. ನಮ್ಮೆಜಮಾನ್ರು ಸೈಪ್ರೆಸ್‌ಗೆ ಸ್ನೇಹಿತರ ಮನೆಗೆ ಹೋಗಿದ್ರು. ಮನೇಲಿ ಯಾರೂ ಇರ್ಲಿಲ್ಲ. ಇದೊಂದು ನೆನಪಿಟ್ಕೊಳ್ಳಿ.

ಮರದ ಕೆಳಗೆ ಒಬ್ಬರು ಅಜ್ಜಿ ಕೋಲು ಹಿಡ್ಕೊಂಡು ನಿಂತಿದ್ರು. ಹಸಿ ಸೌದೆ ಹೊಗೆ ವಾಸನೆ... ಊರ ಕಡೆ ಹಂಡೆ ಒಲೆ ಉರಿಸಿದ ಹಾಗೆ. ಅಕ್ಕಪಕ್ಕದ ಹಳಬರು ಯಾರೋ ಇರ್ಬೇಕು ಅಂದ್ಕೊಂಡೆ. ಇಂಗ್ಲಿಷಲ್ಲೇ ಕೇಳಿದೆ.

"ಈ ಜಾಗಕ್ಕೆ ಏನಂತಾರೆ?"

"ಅಮ್ಮಂದಿರ ಮೂಲೆ," ಅಂದ್ರು ಮೆಲ್ಲಗೆ. "ಹೆರಿಗೇಲಿ ಹೋದವರದ್ದು."

"ಎಷ್ಟು ಜನ?"

"ಏಳು."

ಕೋಲಲ್ಲಿ ನೆಲ ತಟ್ಟಿ ತಟ್ಟಿ ತೋರಿಸಿದ್ರು. ಒಂದು... ಎರಡು... ಮೂರು... ನಾಲ್ಕು. ತಟ್ಟಿದ ಕಡೆಯೆಲ್ಲ ಒಂದಾಳು ಮಲಗೋವಷ್ಟು ಉದ್ದಕ್ಕೆ ಮಣ್ಣು ತಗ್ಗಾಗಿತ್ತು. ಆಮೇಲೆ ನಿಂತ್ರು. "ಇನ್ನು ಮೂರು ಆ ಕಡೆ," ಅಂತ ಕೋಲೆತ್ತಿದ್ರು. ಬೇಲಿ ಆಚೆಗೆ, ನಾನು ಲೈಟ್ ಹಾಕಿಟ್ಟು ಬಂದಿದ್ದ ನಮ್ಮ ಅಡುಗೆಮನೆ ಕಡೆಗೆ.

ನಾನು ಮನೆ ಕಡೆ ತಿರುಗಿದೆ. ಹೊರಡುವಾಗ ನಾವು ಕಂಡಕಂಡವರಿಗೆಲ್ಲ ಹೇಳೋ ಮಾತೇ ಬಾಯಿಗೆ ಬಂತು. "ಒಂದ್ಸಲ ಮನೆ ಕಡೆ ಬನ್ನಿ, ಕಾಫಿ ಕುಡಿದು ಹೋಗೋರಂತೆ."

"ಬರ್ತೀನಿ," ಅಂದ್ರು ಅಜ್ಜಿ. "ಇಷ್ಟು ವರ್ಷದಲ್ಲಿ ಕರೆದವಳು ನೀನೊಬ್ಬಳೇ."

ಕಾಲಿಗೆ ಸೊಳ್ಳೆ ಕಚ್ತು ಅಂತ ಬಗ್ಗಿದೆ. ಎದ್ದು ನೋಡಿದ್ರೆ ಯಾರೂ ಇಲ್ಲ. ಸುತ್ತ ಎಲ್ಲಾ ಕಡೆ ಒಣಗಿದೆಲೆ... ಒಂದು ಹೆಜ್ಜೆ ಸದ್ದೂ ಕೇಳಿರ್ಲಿಲ್ಲ.

ಯಜಮಾನ್ರು ಬಂದ್ಮೇಲೆ ಇಬ್ಬರೂ ಹಾಲ್‌ನಲ್ಲಿ ಕೂತು ರೆಕಾರ್ಡಿಂಗ್ ಕೇಳಿದ್ವಿ. ನನ್ನ ಪ್ರಶ್ನೆಗಳಿವೆ. ಅಜ್ಜಿಯ ಉತ್ತರ ಒಂದೂ ಇಲ್ಲ. ತಟ್ಟಿದ ಸದ್ದು ಮಾತ್ರ ಇದೆ. ನನ್ನ ಕಣ್ಣೆದುರು ತಟ್ಟಿದ್ದು ನಾಲ್ಕು ಸಲ. ಫೋನಲ್ಲಿ ಏಳಿತ್ತು.

ಮೊದಲ ನಾಲ್ಕು ಮಣ್ಣಿನ ಮೇಲೆ. ಕೊನೇ ಮೂರು ಟೈಲ್ಸ್ ಮೇಲೆ ತಟ್ಟಿದ ಹಾಗೆ... ಅದರ ಹಿಂದೆ ಇನ್ನೊಂದು ಸದ್ದು. ಟಿಕ್... ಟಿಕ್... ಟಟಿಕ್. ನಮ್ಮ ಮಾವನವರ ಕಾಲದ ಗೋಡೆ ಗಡಿಯಾರ. ಮೂರು ಬಡಿತಕ್ಕೊಂದ್ಸಲ ಎಡವುತ್ತೆ. ಅದಿರೋದು ನಮ್ಮ ಅಡುಗೆಮನೇಲಿ. ಯಜಮಾನ್ರು ಫೋನ್ ಆಫ್ ಮಾಡಿದ್ರು.

"ನಾಲ್ಕು ಅಂತ ಬರಿ," ಅಂದ್ರು.

"ರೀ, ಏಳು ಅಂದ್ರಲ್ಲ ಅವರು."

"ಯಾರು ಅಂದ್ರು? ಅವರ ದನಿ ಎಲ್ಲಿದೆ ಇದರಲ್ಲಿ? ಮುಂದಿನ ತಿಂಗಳು ಮನೆ ಮಾರೋಕೆ ಹಾಕ್ತಿದ್ದೀವಿ ಕಣೇ. ಅಡುಗೆಮನೆ ಕೆಳಗೆ ಸಮಾಧಿ ಅಂದ್ರೆ ಯಾರು ತಗೋತಾರೆ?"

ಮನೆ ಮಾರ್ತಿದ್ದಿದ್ದು ಆಸ್ಟಿನ್‌ನಲ್ಲಿರೋ ಮಗಳಿಗೋಸ್ಕರ. ಚೊಚ್ಚಲ ಬಸುರಿ ಅವಳು, ನಾವು ಅಲ್ಲಿಗೇ ಶಿಫ್ಟ್ ಆಗೋದು ಅಂತ ಮಾತಾಗಿತ್ತು. ನಾಲ್ಕು ಅಂತ ಬರೆದೆ. ಸೈನ್ ಹಾಕಿದೆ. ಜನ್ಮದಲ್ಲಿ ಮೊದಲ ಸಲ ಸುಳ್ಳು ರಿಪೋರ್ಟ್ ಕೊಟ್ಟೆ, ನಾಚಿಕೆ ಆಯ್ತು.

ತೋಪಿನ ನಾಲ್ಕಕ್ಕೆ ಬೇಲಿ ಹಾಕಿದ್ರು. ಗುಂಪಿನವರೆಲ್ಲ ನನ್ನ ಹೊಗಳಿದ್ರು. ಅವತ್ತಿಂದ ದೀಪ ಹಚ್ಚೋ ಹೊತ್ತಿಗೆ ಅಡುಗೆಮನೇಲಿ ಸೌದೆ ಹೊಗೆ ವಾಸನೆ. ಟೈಲ್ಸ್ ಕೆಳಗಿಂದ ಮೂರು ಸಲ... ಟಕ್, ಟಕ್, ಟಕ್. ಪೈಪ್ ಇರ್ಬೇಕು ಅಂತಾರೆ ಯಜಮಾನ್ರು. ಹಾಗಂತ ಹೇಳಿ ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ.

ಮನೆ ನೋಡೋಕೆ ಬಂದವರು ಹೊಗೆ ವಾಸನೆಗೆ ಮೂಗು ಮುರಿದು ಹೋಗ್ತಾರೆ. ಇನ್ನೂ ಮಾರಾಟ ಆಗಿಲ್ಲ. ಅದಕ್ಕೇ ಮಗಳನ್ನೇ ಹೆರಿಗೆಗೆ ಇಲ್ಲಿಗೆ ಕರೆಸ್ಕೊಂಡ್ವಿ.

ನಿನ್ನೆ ಸಂಜೆ ಅವಳು ಅಡುಗೆಮನೇಲಿ ಕಾಲು ಚಾಚಿ ಕೂತಿದ್ಲು. ನಾನು ದೇವರ ದೀಪಕ್ಕೆ ಎಣ್ಣೆ ಹಾಕ್ತಿದ್ದೆ. ಅವಳು ನೆಲ ನೋಡಿದ್ಲು.

"ಅಮ್ಮಾ, ಕೆಳಗೆ ಯಾರೋ ನಾಕ್ ಮಾಡಿದ್ರಾ? ನಾಲ್ಕು ಸಲ?"

ನಾನೂ ಎಣಿಸಿದ್ದೆ. ನಾಲ್ಕೇ.

ನಾನು ಬರೆದುಕೊಟ್ಟ ನಾಲ್ಕನ್ನ ಆ ಅಜ್ಜಿ ನನಗೇ ಓದಿ ಹೇಳಿದ್ರೋ... ಇಲ್ಲ, ಕೆಳಗಿರೋ ಮೂವರ ಪಕ್ಕ ಇನ್ನೊಂದು ಜಾಗ ತೋರಿಸಿದ್ರೋ. ರಾತ್ರಿಯೆಲ್ಲ ಕಣ್ಣು ಮುಚ್ಚಿಲ್ಲ. ಏಳು ಅಂತ ತಿದ್ದಿ ಬರೆದ ಕಾಗದ ಬ್ಯಾಗಲ್ಲಿದೆ, ಯಜಮಾನ್ರಿಗೆ ಹೇಳಿಲ್ಲ. ಕೌಂಟಿ ಆಫೀಸ್ ತೆಗೆಯೋದು ಎಂಟು ಗಂಟೆಗೆ. ಮಗಳಿಗೆ ಡಾಕ್ಟರ್ ಶುಕ್ರವಾರದ ಡೇಟ್ ಕೊಟ್ಟಿದ್ದಾರೆ.