ಜೆಪ್ಪುವಿನ ಕಡವೆ ಮತ್ತು ಕಳವಾದ ಕೊಂಬು

ಹಂಚಿನ ಕಾರ್ಖಾನೆಯ ಹೆಡ್ ಕ್ಲಾರ್ಕ್ ಇಸಿದೋರ್ ಪಿಂಟೊ ಅವರಿಗೆ ಗೊತ್ತಿಲ್ಲದ ವಿಷಯ ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಇರಲಿಲ್ಲ. ಮೀನಿನವರಿಗೆ ಬಲೆ ಬೀಸುವುದನ್ನು, ಪಾದ್ರಿಗಳಿಗೆ ಪ್ರವಚನ ಕೊಡುವುದನ್ನು, ಐದು ಹೆತ್ತ ಹೆಂಡತಿ ಬರ್ನಡೆಟ್‌ಗೆ ಕೂಸನ್ನು ಎತ್ತಿಕೊಳ್ಳುವುದನ್ನು ಅವರು ಹೇಳಿಕೊಟ್ಟಿದ್ದರು. ಇವರಲ್ಲಿ ಯಾರೂ ಕೇಳಿರಲಿಲ್ಲ ಎನ್ನುವುದು ಬೇರೆ ಮಾತು.

ಮೊದಲ ಮಹಾಯುದ್ಧ ಮುಗಿದ ಮೇಲಿನ ಜನವರಿಯಲ್ಲಿ ಅವರು ಚಾರ್ಮಾಡಿ ಕಡೆಯ ಗಾಡಿಯವನೊಬ್ಬನಿಂದ ಒಂದು ಗಂಡು ಕಡವೆಯನ್ನು ಕೊಂಡರು. ಮರಿಯಿಂದ ಸಾಕಿದ್ದು. ಎತ್ತಿನಷ್ಟು ಎತ್ತರ, ತಲೆಯ ಮೇಲೆ ಕವಲೊಡೆದ ಜೋಡಿ ಕೊಂಬು.

"ಸಾಕುವುದು ಹೇಗೆ ಅಂತ ಅವನತ್ರ ಕೇಳಿದ್ರಾ?" ಎಂದಳು ಬರ್ನಡೆಟ್.

"ಕೇಳ್ಲಿಕ್ಕೆ ಎಂತ ಉಂಟು?" ಎಂದರು ಇಸಿದೋರ್.

ಭಾನುವಾರದ ಪೂಜೆ ಮುಗಿಸಿ ಬಂದವರೆಲ್ಲ ಹಿತ್ತಲಿನ ಬೇಲಿಗೆ ಒರಗಿ ಕಡವೆ ನೋಡುವುದು ರೂಢಿಯಾಯಿತು. ಇಸಿದೋರರು ಮೀಸೆ ತಿರುವುತ್ತ, ಆ ಕೊಂಬು ತಾನು ಹಾಕುವ ಹುರುಳಿಯ ಗುಣ ಎನ್ನುತ್ತಿದ್ದರು. ಹುರುಳಿ ಹಾಕಲು ಶುರುಮಾಡಿ ಆಗಿನ್ನೂ ವಾರವೂ ಆಗಿರಲಿಲ್ಲ.

ಕಡವೆಯ ಕೊಂಬು ದನದ ಕೊಂಬಿನ ಹಾಗಲ್ಲ. ಬೆದೆಗಾಲ ಕಳೆದು ಬೇಸಿಗೆ ಬಂತೆಂದರೆ ಬುಡ ಸಡಿಲವಾಗಿ ತಾನಾಗಿ ಉದುರುತ್ತದೆ. ಮಳೆಗಾಲದಲ್ಲಿ ಹೊಸದು ಚಿಗುರುತ್ತದೆ. ಪ್ರತಿವರ್ಷವೂ ಇದೇ ಕಥೆ. ಇದು ಕಡವೆಗೆ ಗೊತ್ತಿತ್ತು, ಇಸಿದೋರರಿಗೆ ಗೊತ್ತಿರಲಿಲ್ಲ. ಈಸ್ಟರ್ ಕಳೆದ ವಾರ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಡವೆಯ ತಲೆಯ ಮೇಲೆ ಒಂದೇ ಕೊಂಬು. ಇನ್ನೊಂದು ನೆರೆಮನೆಯ ಲೋಕಯ್ಯನ ಜಗಲಿಯಲ್ಲಿತ್ತು.

ಲೋಕಯ್ಯ ನೇತ್ರಾವತಿಯಲ್ಲಿ ದೋಣಿ ನಡೆಸಿ ಕಾರ್ಖಾನೆಗೆ ಆವೆಮಣ್ಣು ತರುವವನು. ಕೊಂಬು ಬೇಲಿಯಾಚೆ ಅವನ ಹಿತ್ತಲಿಗೆ ಬಿದ್ದಿತ್ತು. ಅವನ ಹೆಂಡತಿ ದೇಯಿ ಅದನ್ನು ತೊಳೆದು, ಕಂಬಕ್ಕೆ ಕಟ್ಟಿ, ಒದ್ದೆ ಬಟ್ಟೆ ನೇತುಹಾಕಿದ್ದಳು. ಇಸಿದೋರರು ಬೀದಿಗೆಲ್ಲ ಕೇಳುವಂತೆ ಲೋಕಯ್ಯನನ್ನು ಕಳ್ಳ ಎಂದರು. ಗರಗಸದಿಂದ ಕೊಯ್ದಿದ್ದಾನೆ ಎಂದರು. ಅಷ್ಟಕ್ಕೂ ಬಿಡದೆ ಪಟೇಲರನ್ನು ಕರೆಸಿದರು.

ಪಟೇಲರು ಬಂದ ದಿನ ಅರ್ಧ ಜೆಪ್ಪು ಹಿತ್ತಲಿನಲ್ಲಿ ನೆರೆದಿತ್ತು. ಇಸಿದೋರರು ಕೋಟು ತೊಟ್ಟು ಕಡವೆಯ ಪಕ್ಕ ನಿಂತರು. "ಇದು ತಾನಾಗಿ ಬೀಳುವ ವಸ್ತುವಾ ಪಟೇಲರೇ? ಎಷ್ಟು ಗಟ್ಟಿ ಉಂಟು ನೋಡಿ," ಎಂದು ಉಳಿದ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಕೊಂಬು ಕಿತ್ತು ಕೈಗೆ ಬಂತು. ಅದನ್ನು ಅಪ್ಪಿಕೊಂಡೇ ಅವರು ಸೆಗಣಿಯ ಮೇಲೆ ಕುಳಿತರು. ಕಡವೆ ತಲೆ ಕೊಡವಿ ಹುಲ್ಲು ಮೇಯತೊಡಗಿತು.

"ಈಗ ಕೇಸು ಯಾರ ಮೇಲೆ ಹಾಕುವ?" ಎಂದು ಪಟೇಲರು ಗಂಭೀರವಾಗಿ ಕೇಳಿದರು.

ಲೋಕಯ್ಯ ಒಂದನ್ನು ಕೊಯ್ದದ್ದರಿಂದಲೇ ಇನ್ನೊಂದು ಸಡಿಲವಾಯಿತು ಎಂದು ಇಸಿದೋರರು ಸಾಧಿಸಿದರು. ಕ್ಷಮೆ ಕೇಳಲಿಲ್ಲ. ಲೋಕಯ್ಯ ಎಂದಿನಂತೆ ದೋಣಿಗೆ ಹೋದ. ಆದರೆ ಕಳ್ಳ ಎಂಬ ಮಾತು ದೋಣಿ ನಿಲ್ಲುವ ಕಡವಿನ ಕಟ್ಟೆಯವರೆಗೂ ಹೋಗಿ, ಜೊತೆಯ ದೋಣಿಯವರು ಅವನನ್ನು ಛೇಡಿಸುತ್ತಿದ್ದರು. ದೇಯಿ ಬೇಲಿಯ ಬಳಿ ಬರುವುದನ್ನೇ ಬಿಟ್ಟಳು.

ಮಳೆ ಹಿಡಿಯಿತು. ಕಡವೆಯ ನೆತ್ತಿಯಲ್ಲಿ ಮೆತ್ತಗಿನ ರೋಮದ ಎರಡು ಗಂಟು ಎದ್ದವು. ಇಸಿದೋರರು ಅದು ಕುರು ಎಂದು ತೀರ್ಮಾನಿಸಿ ಬೇವಿನೆಣ್ಣೆ ಹಚ್ಚಲು ಹೋಗಿ ಒದೆ ತಿಂದರು. ಕುರು ಬೆಳೆದು ಕವಲೊಡೆದಾಗ ಅದು ಎಣ್ಣೆಯ ಪ್ರಭಾವ ಎಂದರು. ಮಳೆ ನಿಂತ ಮೇಲೆ ಕೊಂಬಿನ ಮೇಲಿನ ಚರ್ಮ ಒಣಗಿ, ರಕ್ತ ಒಸರುತ್ತ ಚಿಂದಿಯಾಗಿ ಜೋತಾಡಿತು. ಬರ್ನಡೆಟ್‌ಳ ಒಳ್ಳೆಯ ದಿಂಬಿನ ಬಟ್ಟೆ ಹರಿದು ಇಸಿದೋರರು ಬ್ಯಾಂಡೇಜು ಕಟ್ಟಿದರು. ಕಡವೆ ಅದನ್ನೂ ಚರ್ಮವನ್ನೂ ಪೇರಳೆ ಮರಕ್ಕೆ ಉಜ್ಜಿ ಉಜ್ಜಿ ಕಿತ್ತುಹಾಕಿತು. ಒಳಗಿನಿಂದ ಹಿಂದಿನದಕ್ಕಿಂತ ದೊಡ್ಡ ಕೊಂಬು ಹೊರಬಂತು.

ನವೆಂಬರ್ ತಿಂಗಳಲ್ಲಿ ಕಡವೆಗೆ ಬೆದೆ ಏರಿತು. ಕುತ್ತಿಗೆ ಊದಿಕೊಂಡು ಕೂದಲು ನಿಮಿರಿತು. ತನ್ನದೇ ಮೂತ್ರದ ಕೆಸರಿನಲ್ಲಿ ಹೊರಳಿ, ಇಲ್ಲದ ಹೆಣ್ಣಿಗಾಗಿ ಕೂಗತೊಡಗಿತು. ಆ ವಾಸನೆಗೆ ನೆರೆಹೊರೆಯವರು ಕಿಟಕಿ ಮುಚ್ಚಿದರು. "ಬೇಲಿಯೊಳಗೆ ಹೋಗ್ಬೇಡಿ," ಎಂದಳು ಬರ್ನಡೆಟ್.

"ಅದಕ್ಕೆ ಶಿಸ್ತು ಕಲಿಸ್ಬೇಕು," ಎಂದು ಇಸಿದೋರರು ಬೆತ್ತ ಹಿಡಿದು ಒಳಹೊಕ್ಕರು.

ಮರುಗಳಿಗೆಯಲ್ಲಿ ಅವರು ಪೇರಳೆ ಮರದ ಮೇಲಿದ್ದರು. ಪ್ಯಾಂಟಿನ ಹಿಂಭಾಗ ಕಡವೆಯ ಕೊಂಬಿನಲ್ಲಿತ್ತು. ಬರ್ನಡೆಟ್ ಕೂಗಿದ್ದಕ್ಕೆ ಲೋಕಯ್ಯ ದೋಣಿಯ ಉದ್ದನೆಯ ಗಳ ಹಿಡಿದು ಬಂದ. ಬಂದವನು ಬೇಲಿಯಾಚೆಯೇ ನಿಂತ.

"ನಾನು ಒಳಗೆ ಬರ್ಬಹುದಾ ಪಿಂಟೊ ಪೊರ್ಬುಗಳೇ? ಮತ್ತೆ ಕಳ್ಳ ಅಂತೀರಿ."

ಕಡವೆ ಮರದ ಬುಡಕ್ಕೆ ಹಾಯ್ದಿತು. ಕೊಂಬೆ ನಡುಗಿತು.

"ನೀನು ಕಳ್ಳ ಅಲ್ಲ ಮಾರಾಯ," ಎಂದರು ಇಸಿದೋರ್, ಮೆಲ್ಲಗೆ.

"ಸ್ವಲ್ಪ ಜೋರಾಗಿ ಹೇಳಿ. ದೇಯಿಗೆ ಕಿವಿ ಮಂದ."

ಇಸಿದೋರರು ಜೋರಾಗಿ ಹೇಳಿದರು. ಬೀದಿಯವರೆಲ್ಲ ಕಿಟಕಿ ತೆರೆದು ಕೇಳಿದರು. ಆಮೇಲೆ ಲೋಕಯ್ಯ ಗಳದಿಂದ ಕಡವೆಯನ್ನು ಮೂಲೆಗೆ ಒತ್ತಿ ಹಿಡಿದ. ಬರ್ನಡೆಟ್ ಗಂಡನಿಗೆ ಏಣಿಯನ್ನೂ ಲುಂಗಿಯನ್ನೂ ತಂದಳು.

ಕ್ರಿಸ್ಮಸ್ ಕಳೆದು ಪ್ರಾಣಿಯ ಮದ ಇಳಿದ ಮೇಲೆ ಚಾರ್ಮಾಡಿಯ ಗಾಡಿಯವನೇ ಬಂದು ಅದನ್ನು ಕಾಡಿಗೆ ಬಿಡಲು ಕರೆದೊಯ್ದ. ಇಸಿದೋರರು ಮುಂದೆ ಬಹಳ ವರ್ಷ ಬಾಳಿ, ಪೆನ್ಶನ್ ತಿಂದು, ಊರಿಗೆಲ್ಲ ಉಪದೇಶ ಕೊಡುತ್ತಲೇ ಇದ್ದರು. ಮರದ ಮೇಲಿನ ಆ ಮಾತು ಕೇಳಿಸಿಕೊಂಡಿದ್ದ ದೇಯಿ ಎದುರಿಗೆ ಬಂದರೆ ಮಾತ್ರ ಮಾತು ಅರ್ಧಕ್ಕೆ ನಿಲ್ಲಿಸಿ, ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.