ಫಾರ್ಮಲಿನ್ ಉಣ್ಣುವ ಮಣ್ಣು

ಕುಮಟೆಯ ಕಾಲೇಜೊಂದರಲ್ಲಿ ಶುಕ್ರ ಹರಿಕಂತ್ರ ಪ್ರಾಣಿಶಾಸ್ತ್ರ ವಿಭಾಗದ ಜವಾನ. ಓದಿದ್ದು ಮೂರನೇ ಇಯತ್ತೆ. ಮೀನು, ಏಡಿ, ಕಡಲಹಾವುಗಳನ್ನು ಗಾಜಿನ ಜಾಡಿಗೆ ಹಾಕಿ, ಕೆಡದಂತೆ ಫಾರ್ಮಲಿನ್ ತುಂಬಿಡುವುದು ಅವನ ಕೆಲಸ.

ಹಳತಾದ ಫಾರ್ಮಲಿನ್ನನ್ನು ನೀರು ಬೆರೆಸಿ ಹಿತ್ತಲ ಗುಂಡಿಗೆ ಸುರಿಯುವುದು ವರ್ಷಗಳ ರೂಢಿ. ೧೯೬೪ರಲ್ಲಿ ಆ ಜಾಗದಲ್ಲಿ ಹೊಸ ಕೋಣೆ ಕಟ್ಟುತ್ತಾರೆಂದು ಶುಕ್ರ ಬೇಲಿಯ ಪಕ್ಕ ಬೇರೆ ಗುಂಡಿ ತೋಡಿದ. ನಾಲ್ಕೇ ದಿನಕ್ಕೆ ಆಚೆಮನೆಯ ಲಕ್ಕಿ ಸೆರಗಿನಿಂದ ಕಣ್ಣೊರೆಸುತ್ತ ಬೇಲಿಯ ಬಳಿ ಬಂದು ನಿಂತಳು.

"ಶುಕ್ರಣ್ಣ, ಎಂತ ಹೊಯ್ತೀರಿ ಮಾರಾಯ್ರೆ? ನಮ್ಮ ಎಮ್ಮೆಗೂ ಕಣ್ಣಲ್ಲಿ ನೀರು!"

ಶುಕ್ರನಿಗೆ ನಾಚಿಕೆಯಾಯಿತು. ಅದರ ಜೊತೆಗೆ ಸೋಜಿಗವೂ ಆಯಿತು. ಹಳೆಯ ಗುಂಡಿಯಲ್ಲಿ ಮರುದಿನಕ್ಕೆಲ್ಲ ಘಾಟು ಇರುತ್ತಿರಲಿಲ್ಲ. ಅಲ್ಲಿಂದ ಎರಡು ಬುಟ್ಟಿ ಕೆಸರು ತಂದು ಹೊಸದಕ್ಕೆ ಸುರಿದ. ವಾರದೊಳಗೆ ಘಾಟು ಹೋಯಿತು.

ಅದನ್ನು ಉಪನ್ಯಾಸಕ ತ್ರ್ಯಂಬಕ ಹೆಗಡೆಯವರಿಗೆ ಹೇಳಿದ.

"ಮಣ್ಣು ಹೀರಿಕೊಂಡಿರ್ತದೆ, ಅಷ್ಟೇ."

"ಹಾಗಾದ್ರೆ ಹೊಸ ಗುಂಡಿ ಮಣ್ಣೂ ಹೀರಬೇಕಿತ್ತಲ್ಲ, ಸರ್?"

ಹೆಗಡೆಯವರು ಹಿತ್ತಲಿಗೆ ಹೋಗಿ ಎರಡೂ ಗುಂಡಿ ನೋಡಿ ಬಂದರು. ಮಾರನೆಯ ದಿನ ಹಳೆಯ ಗುಂಡಿಯ ಕೆಸರನ್ನು ಎರಡು ಸೀಸೆಗೆ ಹಾಕಿಸಿದರು. ಒಂದರದ್ದನ್ನು ಚೆನ್ನಾಗಿ ಕುದಿಸಿ, ಎರಡಕ್ಕೂ ಅಷ್ಟಷ್ಟೇ ತೆಳು ಫಾರ್ಮಲಿನ್ ಬೆರೆಸಿದರು. ಎಂಟನೆಯ ದಿನ ಶುಕ್ರ ಮೂಸಿದಾಗ ಕುದಿಸಿದ್ದು ಮೂಗಿಗೆ ಚುಚ್ಚಿತು. ಇನ್ನೊಂದರಲ್ಲಿ ಬರೀ ಮಣ್ಣಿನ ವಾಸನೆ. ಹೆಗಡೆಯವರು ನಂಬಲಾರದೆ ಮೂರು ಸಲ ಮೂಸಿದರು.

"ಶುಕ್ರ, ಇದರಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿವೆ. ಅವುಗಳ ಮೈಯಲ್ಲಿ ಕಿಣ್ವ ಅಂತ ಇರ್ತದೆ, ಕೆಲಸದಾಳು ಇದ್ದ ಹಾಗೆ. ಒಂದು ಕಿಣ್ವ ಫಾರ್ಮಲಿನ್ನನ್ನು ಫಾರ್ಮಿಕ್ ಆಮ್ಲ ಮಾಡ್ತದೆ. ಚಗಳಿ ಇರುವೆ ಕಚ್ಚಿದರೆ ಉರೀತದಲ್ಲ, ಅದೇ ಆಮ್ಲ. ಮತ್ತೊಂದು ಕಿಣ್ವ ಅದನ್ನು ಇಂಗಾಲಾಮ್ಲ ಅನಿಲ ಮಾಡಿ ಗಾಳಿಗೆ ಬಿಡ್ತದೆ. ಕುದಿಸಿದ ಸೀಸೇಲಿ ಅವು ಸತ್ತವು."

"ಹೆಣ ಕೆಡದ ಹಾಗೆ ಇಡೋ ವಿಷವನ್ನೇ ಉಣ್ತವಾ!" ಶುಕ್ರ ಸೀಸೆಯನ್ನು ಬೆಳಕಿಗೆ ಹಿಡಿದ. "ಒಮ್ಮೆಲೇ ಜಾಸ್ತಿ ಹೊಯ್ದ್ರೆ?"

"ಅವೂ ಸಾಯ್ತವೆ."

ಅಂದಿನಿಂದ ಶುಕ್ರ ಬಾಲ್ದಿಗಟ್ಟಲೆ ಸುರಿಯುವುದನ್ನು ಬಿಟ್ಟ. ದಿನಕ್ಕೊಂದು ತಂಬಿಗೆ, ಅದೂ ನೀರು ಬೆರೆಸಿ. ಮೇ ತಿಂಗಳ ರಜೆಯಲ್ಲಿ ಹೆಗಡೆಯವರು ಪುಸ್ತಕ ಒಯ್ಯಲು ಬಂದಾಗ ಶುಕ್ರ ಗುಂಡಿಯ ಪಕ್ಕ ಕುಳಿತಿದ್ದ.

"ರಜೆಯಲ್ಲಿ ಎಂತಕ್ಕೆ ಬಂದೆಯೋ?"

"ನಾವು ಬಾಗಿಲು ಹಾಕ್ಕೊಂಡು ಹೋದ್ರೆ ಅವು ಉಪವಾಸ ಬೀಳ್ತವಲ್ಲ, ಸರ್."

ಅವು ಬೇರೆ ಆಹಾರ ಹುಡುಕಿಕೊಳ್ಳುತ್ತವೆ ಎಂದು ಹೇಳಲು ಹೆಗಡೆಯವರಿಗೆ ಮನಸ್ಸಾಗಲಿಲ್ಲ. ಅವರೂ ಪಕ್ಕದಲ್ಲೇ ಕುಳಿತರು.

ಮರುವರ್ಷ ಹೆಗಡೆಯವರು ಕಾಲೇಜಿನ ವಾರ್ಷಿಕ ಸಂಚಿಕೆಗೆ ಆ ಪ್ರಯೋಗದ ಬಗ್ಗೆ, ಕಂಡುಹಿಡಿದವನು ಶುಕ್ರನೆಂದೇ ಬರೆದು, ಮೊದಲು ಶುಕ್ರನಿಗೇ ಓದಿ ಹೇಳಿದರು.

"ನಾನು ಕಂಡುಹಿಡಿದೆ ಅಂತ ಬರೀಬೇಡಿ, ಸರ್. ವಾಸನೆ ಹೋತು ಅಂತ ಹೇಳಿದೆ, ಅಷ್ಟೇ."

"ನಂಗೆ ಅದೂ ಗೊತ್ತಾಗಿರಲಿಲ್ಲವಲ್ಲೋ," ಎಂದ ಹೆಗಡೆಯವರು ಒಂದಕ್ಷರವನ್ನೂ ತಿದ್ದಲಿಲ್ಲ.